ಲಾಕ್ ಹಾಕಿದ್ಯಾ?

ಮಕ್ಕಳು ಹಗಲು ಹೊತ್ತು ಯಾರ ಹತ್ತಿರ ಇರಬೇಕು ಎಂಬುದು ಒಂದು ಗಾಡಿಯ ಮೇಲೆ ನಿಂತಿತ್ತು.

ಮಗಳು ಸುತ್ತಿ ಬಳಸಿ ಮಾತಾಡುವವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, ಹೇಳಿಬಿಟ್ಟಳು.

“ಅಮ್ಮಾ, ಮುಂದಿನ ತಿಂಗಳು ನನ್ನ ಹೆರಿಗೆ ರಜೆ ಮುಗಿಯುತ್ತೆ. ಮಕ್ಕಳು ದಿನಾ ಹೊರಗೆ ಹೋಗ್ಬೇಕು. ಗಾಳಿ ಬಿಸಿಲು ಕಾಣ್ಬೇಕು. ನಿನ್ನ ಕೈಲಾಗುತ್ತೆ ಅಂದ್ರೆ ನಿನ್ನ ಹತ್ರ ಬಿಡ್ತೀನಿ. ಆಗಲ್ಲ ಅಂದ್ರೆ ಬೇಬಿ ಸಿಟ್ಟಿಂಗಿನವರ ಹತ್ರ ಮಾತಾಡಿ ಬಂದಿದೀನಿ.”

“ಮಾತಾಡಿ ಬಂದ್ಮೇಲೆ ನನ್ನನ್ಯಾಕೆ ಕೇಳ್ತೀಯ?”

“ಕೇಳ್ದೆ ಬಿಟ್ರೆ ಅದಕ್ಕೂ ಬೈತೀಯ.”

ಅದು ನಿಜ. ಆಯಮ್ಮ ಒಲೆ ಒರೆಸಿದಳು.

ಬೀದಿಯವರೆಲ್ಲ ಅವಳನ್ನು ಆಯಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮೂರನೇ ಕ್ಲಾಸಿಗೆ ಓದು ಬಿಟ್ಟು, ಕಂಡವರ ಮನೆಯ ಪಾತ್ರೆ ಉಜ್ಜಿ, ಆಮೇಲೆ ಆಸ್ಪತ್ರೆ ಸೇರಿದಳು. ಹಾಸಿಗೆ ಬದಲಿಸುವುದು, ಏಳಲಾರದವರನ್ನು ಎತ್ತಿ ಕೂರಿಸುವುದು, ಅವರು ಮಾಡಿಕೊಂಡದ್ದನ್ನು ತೊಳೆಯುವುದು, ನೆಲ ಒರೆಸುವುದು. ಯಾರಿಗೂ ಹೆದರಿದವಳಲ್ಲ. ಒದ್ದೆ ನೆಲದ ಮೇಲೆ ದೊಡ್ಡ ಡಾಕ್ಟರು ಬೂಟುಗಾಲಲ್ಲಿ ಬಂದರೆ “ಅಲ್ಲೇ ನಿಲ್ಲಿ ಸಾರ್, ಒಣಗ್ಲಿ” ಎಂದು ನಿಲ್ಲಿಸುತ್ತಿದ್ದಳು. ಅವರೂ ನಿಲ್ಲುತ್ತಿದ್ದರು.

ಅದೇ ಆಸ್ಪತ್ರೆಯಲ್ಲಿ ಅವಳ ಗಂಡ ಸ್ಟ್ರೆಚರ್ ತಳ್ಳುತ್ತಿದ್ದ. ಎಲ್ಲರಿಗೂ ಅವನು ಸ್ಟ್ರೆಚರಣ್ಣ. ಅವನು ಅವಳೊಡನೆ ಆಡಿದ ಮೊದಲ ಮಾತು, “ಲಾಕ್ ಹಾಕಿದ್ಯಾ?”

ಆಗ ಅವಳು ಹೊಸಬಳು. ಮಂಚದ ಗಾಲಿಗೆ ಲಾಕ್ ಹಾಕದೆ ಮುದುಕನೊಬ್ಬನನ್ನು ಎಬ್ಬಿಸಲು ಹೋಗಿದ್ದಳು. ಮಂಚ ಜಾರಿತು. ಅವನು ಓಡಿ ಬಂದು ಮೊಣಕಾಲು ಕೊಟ್ಟು ನಿಲ್ಲಿಸಿದ. ಬೈಯಲಿಲ್ಲ. ಕೇಳಿದ್ದು ಅಷ್ಟೇ. ಅವಳಿಗೆ ಮೈ ಉರಿಯಿತು. “ಕೇಳೋಕೆ ನೀನ್ಯಾರು?” ಎಂದಳು. ಯಾರು ಎಂಬುದು ಮುಂದಿನ ವರ್ಷ ಗೊತ್ತಾಯಿತು. ಅವನನ್ನೇ ಕಟ್ಟಿಕೊಂಡಳು.

ಆಸ್ಪತ್ರೆಯಲ್ಲಿ ಗಾಲಿ ಇರುವ ಎಲ್ಲಕ್ಕೂ ಲಾಕ್ ಇರುತ್ತದೆ. ಮಂಚಕ್ಕೆ, ಸ್ಟ್ರೆಚರಿಗೆ, ಗಾಲಿಕುರ್ಚಿಗೆ. ಗಾಲಿಯ ಹತ್ತಿರ ಒಂದು ಸಣ್ಣ ಪಟ್ಟಿ. ಕಾಲಿನಿಂದ ಒತ್ತಿದರೆ ಗಾಡಿ ನಿಂತಿತು. ಎತ್ತಿದರೆ ಹೊರಟಿತು. ಲಾಕ್ ಎಂದರೆ ಅಷ್ಟೇ, ಬೇರೆ ಅರ್ಥ ಇಲ್ಲ. ಸ್ಟ್ರೆಚರಣ್ಣ ತನ್ನ ಸ್ಟ್ರೆಚರಿನ ಪಟ್ಟಿಗೆ ಕೆಂಪು ಬಣ್ಣ ಬಳಿದಿದ್ದ. ದೂರದಿಂದಲೇ ಕಾಣಲಿ ಎಂದು.

ಆ ಮಾತು ಅವನ ಹಿಂದೆಯೇ ಮನೆಗೂ ಬಂತು. ಬಾಗಿಲಿಗೆ, ಗ್ಯಾಸಿಗೆ, ನಲ್ಲಿಗೆ, ಎಲ್ಲಕ್ಕೂ “ಲಾಕ್ ಹಾಕಿದ್ಯಾ?” ಮಗಳು ಚಿಕ್ಕವಳಿದ್ದಾಗ ರಚ್ಚೆ ಹಿಡಿದರೆ ತುಟಿಯ ಮೇಲೆ ಬೆರಳಿಟ್ಟು “ಲಾಕ್!” ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಗಂಡ ಹೆಂಡತಿ ಜಗಳವಾಡಿದರೂ ಕೊನೆಗೆ ಯಾರಾದರೊಬ್ಬರು “ಇನ್ನು ಲಾಕ್ ಹಾಕು” ಅಂದರೆ ಮುಗಿಯಿತು.

ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ ಅವನಿಗೆ ಒಂದು ಹುಚ್ಚು ಹತ್ತಿತು. ಮಗಳ ಮನೆ ಎರಡು ಬೀದಿ ಆಚೆ. ಮೊಮ್ಮಗಳನ್ನು ಮಗಳು ಕೆಲಸಕ್ಕೆ ಹೋಗುವಾಗ ಇಲ್ಲಿ ಬಿಟ್ಟು ಹೋಗುತ್ತಿದ್ದಳು. ಆ ಹುಡುಗಿ ಒಂದು ಕ್ಷಣ ಸುಮ್ಮನಿರದವಳು, ಮನೆಯಲ್ಲಿ ಅವಳಿಗೆ ಚಿನಕುರುಳಿ ಎಂದೇ ಹೆಸರು. ದಿನಾ ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಗುಡ್ಡ ಹತ್ತುತ್ತಿದ್ದ. ಬೀದಿಯ ತುದಿಯಲ್ಲಿ ಟಾರು ಮುಗಿದು ಕಲ್ಲುದಾರಿ ಹಿಡಿಯುತ್ತದೆ. ಮೇಲೆ ಊರಿಗೆ ನೀರು ಬಿಡುವ ಟ್ಯಾಂಕು. ಅದರ ಹತ್ತಿರ ಒಂದು ಚಪ್ಪಟೆ ಕಲ್ಲು. ಅಲ್ಲಿ ಕೂತು ತಾತ ಮೊಮ್ಮಗಳು ಬಿಸ್ಕತ್ತು ತಿಂದು ಇಳಿಯುತ್ತಿದ್ದರು.

ಒಂದು ದಿನ ಇಳಿದು ಬಂದವನು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕೂತ.

ಅವನನ್ನು ಕರೆದೊಯ್ದದ್ದು ಅದೇ ಆಸ್ಪತ್ರೆಗೆ. ಅವನು ಕೆಲಸ ಕಲಿಸಿದ ಹುಡುಗರೇ ಸ್ಟ್ರೆಚರ್ ತಳ್ಳಿಕೊಂಡು ಓಡಿದರು. ತುರ್ತು ವಿಭಾಗದ ಬಾಗಿಲಲ್ಲಿ ಸ್ಟ್ರೆಚರ್ ನಿಂತಿತು. ಆಯಮ್ಮನ ಕಾಲು ತಾನಾಗಿಯೇ ಹೋಗಿ ಲಾಕ್ ಒತ್ತಿತು. ಸ್ಟ್ರೆಚರ್ ಅಲ್ಲಿಂದ ಮುಂದೆ ಹೋಗಲಿಲ್ಲ. ಅವನ ಉಸಿರು ಅಲ್ಲಿಗೇ ನಿಂತಿತ್ತು.

ಆಮೇಲೆ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಕಿಟಕಿಯ ಪರದೆ ಎಳೆದಳು. ಚಿನಕುರುಳಿ ಬಂದ ಮೇಲೂ ಬಾಗಿಲು ಹಾಕಿಯೇ ಇರುತ್ತಿತ್ತು. ಅಡುಗೆ ಮಾಡುವುದು, ಮಗುವಿಗೆ ಉಣ್ಣಿಸುವುದು, ಟೀವಿ ಹಾಕುವುದು. ಕೂಸು ಹುಟ್ಟಿತು, ಗಂಡು. ದುಂಡಗಿತ್ತು, ಗುಂಡ ಎಂದರು. ತಾತ ಅವನನ್ನು ನೋಡಲಿಲ್ಲ. ಒಂದು ದಿನ ಮಗಳು ಬಂದಾಗ ಚಿನಕುರುಳಿ ಬಾಗಿಲ ಹಿಂದೆ ಕೂತು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. ತುಟಿಯೆಲ್ಲ ಬೆಳ್ಳಗೆ. ಮುಖವೂ ಬೆಳ್ಳಗೆ. ಬೇಬಿ ಸಿಟ್ಟಿಂಗಿನ ಮಾತು ಎದ್ದದ್ದು ಅವತ್ತೇ.

ಆಯಮ್ಮನಿಗೆ ಸಿಟ್ಟು ಬಂತು. ಸಿಟ್ಟು ಮಾಡಲು ಮುಖ ಇರಲಿಲ್ಲ. ಮಕ್ಕಳು ಹೋದರೆ ಆ ಮನೆಯಲ್ಲಿ ಹಗಲೆಲ್ಲ ಸದ್ದು ಮಾಡುವುದು ಫ್ರಿಜ್ಜು ಒಂದೇ.

ಒಲೆ ಒರೆಸಿ ಬಟ್ಟೆ ಹಿಂಡಿ ಹೇಳಿದಳು. “ಆಗುತ್ತೆ. ಗುಡ್ಡಕ್ಕೆ ಕರ್ಕೊಂಡು ಹೋಗ್ತೀನಿ. ಆದ್ರೆ ಎರಡನ್ನೂ ಎತ್ಕೊಂಡು ಹತ್ತೋಕೆ ನಾನೇನು ನಿಮ್ಮಪ್ಪ ಅಲ್ಲ. ಗಾಡಿ ಬೇಕು.”

“ಆ ದಾರೀಲಿ ಯಾವ ಗಾಡಿ ಹೋಗುತ್ತೆ?”

“ಹೋಗೋದನ್ನ ನಾನು ಆರಿಸ್ತೀನಿ. ಹುಟ್ಟಿದಾಗಿಂದ ಗಾಲಿ ನೋಡಿದೀನಿ.”

ಮಗಳು ಒಪ್ಪಿದಳು. ಒಂದು ಮಾತು ಹಾಕಿದಳು. “ಮೊದಲ ಸಲ ನಾನೂ ಬರ್ತೀನಿ. ಕಣ್ಣಾರೆ ನೋಡ್ಬೇಕು. ಆಮೇಲೆ ಬಿಡೋದು.”

ಅಂಗಡಿ ಪೇಟೆಯ ಎರಡನೇ ಮಹಡಿಯಲ್ಲಿತ್ತು. ಸಾಲು ಸಾಲು ಮಕ್ಕಳ ಗಾಡಿಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊಸ ಟಯರಿನ ವಾಸನೆ. ಅಂಗಡಿಯವನು ಮಾತಿನ ಮಲ್ಲ. ಮಾತಾಡುತ್ತಲೇ ಕಾಲಿನಿಂದ ಒಂದು ಗಾಡಿಯನ್ನು ಹಿಂದೆ ಸರಿಸಿ ಇನ್ನೊಂದನ್ನು ಮುಂದೆ ತರುತ್ತಿದ್ದ.

“ಎಲ್ಲಿಗೆ ಬೇಕಮ್ಮ? ಪಾರ್ಕಿಗಾ, ರಸ್ತೆಗಾ?”

“ಗುಡ್ಡಕ್ಕೆ.”

“ಗುಡ್ಡಕ್ಕಾ!” ನಕ್ಕ. “ಮಗೂನ ಮಿಲಿಟರಿಗೆ ಸೇರಿಸ್ತೀರಾ?”

“ನೀನು ಗಾಡಿ ತೋರ್ಸು.”

ಮೊದಲು ಛತ್ರಿಯ ಹಾಗೆ ಮಡಚುವುದೊಂದನ್ನು ತೋರಿಸಿದ. ಹಗುರ, ಒಂದು ಕೈಯಲ್ಲಿ ಎತ್ತಬಹುದು. ಆಯಮ್ಮ ಬಗ್ಗಿ ನೋಡಿದಳು. “ಇದು ಗಾಲೀನೋ, ಅಂಗಿ ಗುಂಡೀನೋ? ಒಂದು ಕಲ್ಲು ಸಿಕ್ರೆ ಮೂತಿ ಮುಂದಾಗಿ ಬೀಳುತ್ತೆ.” ಆಮೇಲೆ ಇಬ್ಬರು ಮಕ್ಕಳು ಪಕ್ಕಪಕ್ಕ ಕೂರುವ ಅಗಲದ ಗಾಡಿ ಬಂತು. ಚಿನಕುರುಳಿ ಆಗಲೇ ಹತ್ತಿ ಕೂತಳು. ಆಯಮ್ಮ ಅದರ ಅಗಲಕ್ಕೆ ಕೈ ಚಾಚಿ ಅಳೆದಳು.

“ಬೇಡ. ಇದು ನಮ್ಮನೆ ಒಳಗೆ ಬರ್ಬೇಕಾದ್ರೆ ಗೋಡೆ ಹೊರಗೆ ಹೋಗ್ಬೇಕು. ಇಳಿಯೇ.”

“ಇಳಿಯಲ್ಲ.”

“ಲಾಕ್!”

ಹುಡುಗಿ ಬಾಯಿ ಮುಚ್ಚಿ ಇಳಿದಳು.

ಮೂರನೆಯದಕ್ಕೆ ಮೂರೇ ಗಾಲಿ. ಮುಂದೆ ಒಂದು, ಹಿಂದೆ ಎರಡು, ಸೈಕಲ್ಲಿನದರ ಹಾಗೆ ಗಾಳಿ ತುಂಬಿದ ದಪ್ಪ ಟಯರು. ಸೀಟಿನ ಕೆಳಗೆ ಸ್ಪ್ರಿಂಗು. ಹಿಂದೆ ದೊಡ್ಡ ಮಗು ನಿಂತುಕೊಳ್ಳಲು ಒಂದು ಹಲಗೆ. ಆಯಮ್ಮ ಟಯರನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಂಡನನ್ನು ಕೂರಿಸಿ, ಹೆಗಲ ಮೇಲಿನ ಎರಡು, ಸೊಂಟದ ಎರಡು, ಕಾಲ ನಡುವಿನ ಒಂದು, ಎಲ್ಲ ಪಟ್ಟಿ ಬಿಗಿದು ಎಳೆದು ನೋಡಿದಳು. ತಳ್ಳಿದಳು. ತಿರುಗಿಸಿದಳು. ಅಂಗಡಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದಳು.

“ಅಮ್ಮಾ, ಮೆಲ್ಲಗೆ. ಅದ್ರಲ್ಲಿರೋದು ಪೇಷಂಟಲ್ಲ” ಎಂದಳು ಮಗಳು.

“ಇದು ಸರಿ. ಇದನ್ನೇ ಕೊಡು.”

ಅಷ್ಟರಲ್ಲಿ ಗುಂಡನ ಅಳು ಶುರುವಾಯಿತು. ಮಗಳು ಅವನನ್ನು ಬಿಚ್ಚಿಕೊಂಡು, ಕೆಳಗೆ ಹೋಗುವ ಬಸ್ಸು ತೋರಿಸಲು ಕಿಟಕಿಯ ಹತ್ತಿರ ಹೋದಳು. ಅಂಗಡಿಯವನು ಗಾಡಿಯನ್ನು ನಿಲ್ಲಿಸಿದ. ನಿಲ್ಲಿಸುವಾಗ ಅವನ ಪಾದ ಹಿಂದಿನ ಎರಡು ಗಾಲಿಗಳ ನಡುವಿನ ಕಪ್ಪು ಪಟ್ಟಿಯನ್ನು ಒತ್ತಿತು. ದಿನಕ್ಕೆ ನೂರು ಸಲ ಒತ್ತುವ ಪಾದ. ಒತ್ತಿದೆ ಎಂಬುದು ಅವನಿಗೂ ತಿಳಿಯಲಿಲ್ಲ. ಆಯಮ್ಮ ಮುಂದಿನ ಗಾಲಿ ನೋಡುತ್ತಿದ್ದಳು.

“ಲಾಕ್ ಎಲ್ಲಿದೆ?” ಎಂದು ಕೇಳಿದಳು.

“ಇಲ್ಲೇ ಅಮ್ಮ.” ಮುಂದಿನ ಗಾಲಿಯ ಮೇಲಿದ್ದ ಒಂದು ಸಣ್ಣ ಗುಬುಟು ತೋರಿಸಿದ. “ಕಲ್ಲು, ಇಳಿಜಾರು ಬಂತು ಅಂದ್ರೆ ಇದನ್ನ ಒತ್ತಿ. ಲಾಕ್ ಆಗುತ್ತೆ.”

ಆಯಮ್ಮ ಕಾಲಿನಿಂದ ಒತ್ತಿದಳು. ಟಕ್ ಎಂದಿತು. ಹಿಂದೆ ಬಂದು ಗಾಡಿಯನ್ನು ತಳ್ಳಿದಳು. ಅಲ್ಲಾಡಲಿಲ್ಲ. ಮೈಭಾರ ಬಿಟ್ಟು ತಳ್ಳಿದಳು. ಅಲ್ಲಾಡಲಿಲ್ಲ.

“ಭದ್ರವಾಗಿದೆ” ಎಂದಳು.

ಹಿಡಿಯಿಂದ ಒಂದು ಬಟ್ಟೆಯ ಪಟ್ಟಿ ನೇತಾಡುತ್ತಿತ್ತು. “ಇದೇನು?”

“ಕೈಗೆ ಹಾಕ್ಕೊಳ್ಳೋದು. ಅಕಸ್ಮಾತ್ ಕೈ ಜಾರಿದ್ರೆ ಗಾಡಿ ಓಡಿಹೋಗಲ್ಲ.”

“ಸ್ಟ್ರೆಚರ್ ತಳ್ಳಿ ಜೀವನ ಮಾಡಿದ ಮನೆ ನಮ್ದು. ನಂಗೆ ಹಗ್ಗ ಕಟ್ತೀಯಾ? ನಾನೇನು ಹಸುವಾ?” ಪಟ್ಟಿಯನ್ನು ಬಿಚ್ಚಿ ಸೀಟಿನ ಕೆಳಗಿನ ಚೀಲಕ್ಕೆ ತುರುಕಿದಳು.

ಅಂಗಡಿಯವನು ನಕ್ಕು, ಬೆರಳ ತುದಿಯಿಂದ ಮುಂದಿನ ಗುಬುಟು ಎತ್ತಿ, ಕಾಲ ತುದಿಯಿಂದ ಹಿಂದಿನ ಪಟ್ಟಿ ಎತ್ತಿ, ಗಾಡಿಯನ್ನು ಬಿಲ್ ಹಾಕುವ ಕಡೆಗೆ ತಳ್ಳಿಕೊಂಡು ಹೋದ. ಗಾಡಿಯ ಜೊತೆ ಅದನ್ನು ಬಳಸುವ ಬಗೆಯ ಚಿತ್ರವಿದ್ದ ಒಂದು ಕಾಗದ ಬಂತು. ಮನೆಗೆ ಹೋಗುತ್ತಲೇ ಚಿನಕುರುಳಿ ಅದರ ಮೇಲೆ ಹಸಿರು ಬಣ್ಣ ಬಳಿದಳು.

ಗಾಡಿ ಎರಡು ದಿನ ಆಯಮ್ಮನ ಮನೆಯ ನಡುಮನೆಯಲ್ಲಿ, ಗೋಡೆಗೆ ಮೂತಿ ಕೊಟ್ಟು ನಿಂತಿತು. ಮಗಳು ಬಂದಾಗ ಹೋದಾಗ, ತಾಯಿ ತೋರಿಸಿಕೊಟ್ಟ ಮುಂದಿನ ಗುಬುಟನ್ನು ಕಾಲಿನಿಂದ ಒತ್ತುತ್ತಿದ್ದಳು. ಟಕ್. ಅವಳೂ ಅದೇ ಮನೆಯಲ್ಲಿ ಬೆಳೆದವಳು.

ಭಾನುವಾರ ಬೆಳಿಗ್ಗೆ ಗುಬುಟು ಎತ್ತಿ ಹೊರಟರು. ಟಾರಿನ ಮೇಲೆ ಗಾಡಿ ಸರಾಗವಾಗಿ ಹೋಯಿತು. ಗುಂಡ ಮುಂದೆ ಕೂತಿದ್ದ, ಚಿನಕುರುಳಿ ಹಿಂದೆ ಹಲಗೆಯ ಮೇಲೆ ನಿಂತು ಬಸ್ಸಿನ ಕಂಡಕ್ಟರನ ಹಾಗೆ “ರೈಟ್, ರೈಟ್” ಎನ್ನುತ್ತಿದ್ದಳು. ಇಸ್ತ್ರಿ ಅಂಗಡಿಯವನು ತಲೆ ಎತ್ತಿ ನೋಡಿದ. “ಏನ್ ಆಯಮ್ಮ, ಕೊನೆಗೂ ಹೊರಗೆ ಬಂದ್ರಾ?” ಎಂದ. ಅವಳು ತಲೆ ಆಡಿಸಿದಳು. ಮಗಳು ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಅವಳ ಕಣ್ಣು ತನ್ನ ಬೆನ್ನಿನ ಮೇಲಿರುವುದು ಆಯಮ್ಮನಿಗೆ ಗೊತ್ತಿತ್ತು.

ಟಾರು ಮುಗಿಯಿತು. ಕಲ್ಲು ಬಂತು. ಮುಂದಿನ ಗಾಲಿ ಹುಚ್ಚು ಹಿಡಿದ ಹಾಗೆ ಆಡತೊಡಗಿತು. ಒಂದು ಕಲ್ಲಿಗೆ ಎಡಕ್ಕೆ ತಿರುಗುವುದು, ಇನ್ನೊಂದಕ್ಕೆ ಬಲಕ್ಕೆ. ಗಾಡಿ ಅಡ್ಡಡ್ಡ ಹೋಯಿತು. ಗುಂಡನ ತಲೆ ಅತ್ತಿತ್ತ ವಾಲಿತು.

“ಯಾಕಮ್ಮ ಹೀಗೆ ಒದ್ದಾಡುತ್ತೆ?”

“ಹೊಸದು. ಪಳಗ್ಬೇಕು.”

“ಗುಡ್ಡಕ್ಕೆ ಅಂತಾನೇ ತಗೊಂಡಿದ್ದಲ್ವಾ?”

ಆಯಮ್ಮನ ಕಿವಿ ಬಿಸಿಯಾಯಿತು.  ಚಿನಕುರುಳಿಯನ್ನು ಇಳಿಸಿ ತಾಯಿಯ ಕೈಗೆ ಕೊಟ್ಟಳು. ಗಾಡಿಯನ್ನು ಹಿಂದುಮುಂದು ಮಾಡಿ, ಹಿಂದಿನ ಎರಡು ಗಾಲಿ ಮೊದಲು ಹೋಗುವಂತೆ, ಹಿಮ್ಮುಖವಾಗಿ ಎಳೆದುಕೊಂಡು ಹತ್ತಿದಳು. ಹೊಸ್ತಿಲು ದಾಟಿಸುವಾಗ ಸ್ಟ್ರೆಚರನ್ನು ಹಾಗೇ ಎಳೆಯುವುದು. ಮೈ ಬೆವರಿತು. ಆದರೆ ಗಾಡಿ ಹತ್ತಿತು.

ಅರ್ಧ ದಾರಿಯಲ್ಲಿ ನಿಂತಾಗ ಮಗಳು ಸೀಟಿನ ಕೆಳಗಿನ ಚೀಲದಲ್ಲಿದ್ದ ಕೈಪಟ್ಟಿಯನ್ನು ನೋಡಿದಳು. ತೆಗೆದು ಹಿಡಿಗೆ ಗಂಟು ಹಾಕಿದಳು. “ಇದನ್ನ ಕೈಗೆ ಹಾಕ್ಕೋ.”

“ಬೇಡ.”

“ಹಾಕ್ಕೋ ಅಂದ್ರೆ ಹಾಕ್ಕೋ. ಮಗು ನಂದು.”

ಆಯಮ್ಮ ಕೈಗೆ ಹಾಕಿಕೊಂಡಳು. ಮಗು ನಂದು ಎಂಬ ಮಾತು ಪಟ್ಟಿಗಿಂತ ಬಿಗಿಯಾಗಿತ್ತು.

ಟ್ಯಾಂಕಿಗೆ ಸ್ವಲ್ಪ ಕೆಳಗೆ ದಾರಿಗೆ ಒಂದು ತಿರುವು. ತಿರುವಿನ ಹೊರಬದಿಯಲ್ಲಿ, ಹಿಂದೆ ಯಾರೋ ಕಲ್ಲು ತೆಗೆದ ಗುಂಡಿ. ಬೇಲಿ ಇಲ್ಲ. ತಳದಲ್ಲಿ ಹಸಿರು ನೀರು. ಮಗಳು ಅಲ್ಲಿ ನಿಂತು ನೋಡಿದಳು.

“ಇಲ್ಲಿ ಹುಷಾರಾಗಿರ್ಬೇಕು.”

“ನಿಮ್ಮಪ್ಪ ದಿನಾ ಬರ್ತಿದ್ರು.”

“ಅಪ್ಪ ಎತ್ಕೊಂಡು ಬರ್ತಿದ್ರು. ಅಪ್ಪನಿಗೆ ಗಾಲಿ ಇರ್ಲಿಲ್ಲ.”

ತಿರುವು ದಾಟಿ ನೇರ ಏರು. ಏರಿನ ತುದಿಯಲ್ಲಿ ಆ ಚಪ್ಪಟೆ ಕಲ್ಲು. “ತಾತನ ಕಲ್ಲು!” ಎಂದು ಕಿರುಚಿದ ಚಿನಕುರುಳಿ ನೆಟ್ಟಗೆ ಟ್ಯಾಂಕಿನ ಕಡೆಗೆ ಓಡಿದಳು. ಅಲ್ಲಿ ಪೈಪು ಸೋರಿ ನೀರು ನಿಲ್ಲುತ್ತದೆ, ಹಕ್ಕಿಗಳು ಬರುತ್ತವೆ. ತಾತ ತೋರಿಸಿದ್ದ. ಮಗಳು ಅವಳ ಹಿಂದೆ ಓಡಿದಳು.

ಆಯಮ್ಮ ಗಾಡಿಯನ್ನು ಕಲ್ಲಿನ ಪಕ್ಕ ನಿಲ್ಲಿಸಿದಳು. ಹಿಮ್ಮುಖವಾಗಿ ಎಳೆದು ತಂದಿದ್ದರಿಂದ ಅದರ ಮೂತಿ ಇಳಿಜಾರಿನ ಕಡೆಗಿತ್ತು. ಕೈಯ ಪಟ್ಟಿ ಬಿಚ್ಚಿದಳು. ಮುಂದೆ ಹೋಗಿ ಗುಬುಟು ಒತ್ತಿದಳು. ಟಕ್. ಹಿಂದಿನ ಒಂದು ಗಾಲಿಯ ಮುಂದೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ಗಾಡಿ ಅಲ್ಲಾಡಲಿಲ್ಲ. ಅವಳು ಅದು ಲಾಕಿನಿಂದ ಎಂದುಕೊಂಡಳು.

ಟ್ಯಾಂಕಿನ ಹತ್ತಿರದಿಂದ ಮಗಳು ಕೂಗಿದಳು. “ಅಮ್ಮಾ, ಲಾಕ್ ಹಾಕಿದ್ಯಾ?”

ಅಪ್ಪನದೇ ದನಿ. ಅದೇ ಎಳೆತ. 

“ಹಾಕಿದೀನಿ.”

ಕಲ್ಲಿನ ಮೇಲೆ ಕೂತಳು. ಅವನು ಹೋದ ಮೇಲೆ ಇದೇ ಮೊದಲು. ಕಲ್ಲು ತಣ್ಣಗಿತ್ತು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ. ಮಂಡಿ ನೋಯುತ್ತಿತ್ತು. ಅವನು ಎಲ್ಲಿ ಕಾಲು ಇಡುತ್ತಿದ್ದನೋ ಅಲ್ಲಿ ಹುಲ್ಲು ಬೆಳೆದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಹಕ್ಕಿಯೊಂದು ಹಾರಿತು. ಗುಂಡನಿಗೆ ಅದು ಬೇಕಾಯಿತು. ಕೈ ಚಾಚಿ, ಪಟ್ಟಿಯ ಒಳಗೇ ಪುಟಿದ. ಇನ್ನೊಂದು ಸಲ ಪುಟಿದ. ಗಾಲಿಯ ಮುಂದಿನ ಕಲ್ಲು ಹೊರಳಿತು.

ಆಯಮ್ಮನಿಗೆ ಮೊದಲು ಕೇಳಿದ್ದು ಟಯರಿನ ಕೆಳಗೆ ಜಲ್ಲಿ ಪುಡಿಯಾಗುವ ಸದ್ದು. ತಲೆ ಎತ್ತಿದಳು. ಗಾಡಿ ಅವಳಿಂದ ಒಂದು ಮಾರು ದೂರ ಹೋಗಿತ್ತು.

ಲಾಕ್ ಹಾಕಿದೀನಲ್ಲ. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ. ಲಾಕ್ ಹಾಕಿದ ಗಾಡಿ ಹೋಗುವುದಿಲ್ಲ. ಅದು ಹೋಗುತ್ತಿತ್ತು.

ಅವಳು ಓಡಿದಳು. ಮಂಡಿ ಇದೆಯೆಂಬುದು ಮರೆತುಹೋಯಿತು. ಚಪ್ಪಲಿ ಒಂದು ಎಲ್ಲೋ ಬಿತ್ತು. ಗಾಡಿ ಅತ್ತ ಇತ್ತ ತಿರುಗಲಿಲ್ಲ, ದಾರಕ್ಕೆ ಕಟ್ಟಿ ಎಳೆದ ಹಾಗೆ ನೆಟ್ಟಗೆ ಓಡಿತು. ಬೆಳಿಗ್ಗೆಯಿಂದ ಒಂದೊಂದು ಕಲ್ಲಿಗೂ ತಲೆ ತಿರುಗಿಸುತ್ತಿದ್ದ ಮುಂದಿನ ಗಾಲಿ ಈಗ ಎಲ್ಲ ಕಲ್ಲನ್ನೂ ಹತ್ತಿ ಇಳಿಯಿತು. ಮುಂದೆ ತಿರುವು. ದಾರಿ ಎಡಕ್ಕೆ ತಿರುಗುತ್ತದೆ. ಗಾಡಿ ತಿರುಗುವುದಿಲ್ಲ. ನೇರ ಹೋದರೆ ಗುಂಡಿ.

 

ಹಿಡಿಗೆ ಮಗಳು ಕಟ್ಟಿದ್ದ ಪಟ್ಟಿ ಹಿಂದೆ ನೆಲದ ಮೇಲೆ ಹಾವಿನ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಆಯಮ್ಮ ಅದಕ್ಕೆ ಕೈ ಹಾಕಿದಳು. ಸಿಗಲಿಲ್ಲ. ಇನ್ನೊಂದು ಸಲ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ, ಬೋರಲು ಬಿದ್ದಳು. ಬೀಳುವಾಗ ಕೈ ಪಟ್ಟಿಯ ಮೇಲೆ ಬಿತ್ತು. ಮುಷ್ಟಿ ಮುಚ್ಚಿತು.

ಗಾಡಿ ಅವಳನ್ನು ಸ್ವಲ್ಪ ದೂರ ಎಳೆಯಿತು. ಮೊಣಕೈ ಕಿತ್ತುಬಂತು. ಗದ್ದ ಕಲ್ಲಿಗೆ ತಾಗಿತು. ಆಮೇಲೆ ನಿಂತಿತು.

ಮುಂದಿನ ಗಾಲಿಯ ಆಚೆ ಹುಲ್ಲು. ಹುಲ್ಲಿನ ಆಚೆ ಏನೂ ಇಲ್ಲ.

ಗುಂಡ ಕೇಕೆ ಹಾಕಿ ನಗುತ್ತಿದ್ದ.

ಮಗಳು ಮೇಲಿನಿಂದ ಎಲ್ಲ ನೋಡಿದ್ದಳು. ಚಿನಕುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದವಳು ಮೊದಲು ಗುಂಡನ ಪಟ್ಟಿಗಳನ್ನು ಕಿತ್ತಳು. ಒಂದೊಂದೂ ಬಿಡಿಸಲು ಹೊತ್ತು ಹಿಡಿಯಿತು. ಕೂಸನ್ನು ಎದೆಗೆ ಒತ್ತಿಕೊಂಡಳು. ಆಯಮ್ಮ ಇನ್ನೂ ನೆಲದ ಮೇಲೇ ಇದ್ದಳು. ಕೈಪಟ್ಟಿ ಬಿಟ್ಟಿರಲಿಲ್ಲ.

“ಹಾಕಿದೀನಿ ಅಂದ್ಯಲ್ಲ!”

“ಹಾಕಿದ್ದೆ.”

“ಸುಳ್ಳು ಹೇಳ್ಬೇಡ!”

“ಹಾಕಿದ್ದೆ ಕಣೇ. ಹೋಗಿ ನೋಡು. ಹಾಕಿದ್ದೆ.”

ಮಗಳು ನೋಡಿದಳು. ಗುಬುಟು ಒಳಗೆ ಹೋಗಿತ್ತು. ಲಾಕ್ ಹಾಕಿತ್ತು. ಗಾಡಿಯನ್ನು ಹಿಡಿದು ಹಿಂದಕ್ಕೆ ಎಳೆದಳು, ಬಂತು. ಮುಂದಕ್ಕೆ ತಳ್ಳಿದಳು, ಹೋಯಿತು. ಪಕ್ಕಕ್ಕೆ ತಿರುಗಿಸಿದಳು, ತಿರುಗಲಿಲ್ಲ. ಗುಬುಟು ಎತ್ತಿದಳು. ಗಾಲಿ ಗಿರ್ರನೆ ಸುತ್ತಿತು. ಮತ್ತೆ ಒತ್ತಿದಳು. ನೆಟ್ಟಗೆ ನಿಂತಿತು.

“ಅಮ್ಮಾ, ಇದು ಗಾಡಿ ನಿಲ್ಸೋ ಲಾಕ್ ಅಲ್ಲ. ಗಾಲಿ ಆ ಕಡೆ ಈ ಕಡೆ ತಿರುಗ್ದೆ ಇರೋಕೆ ಹಾಕೋದು.”

“ತಿರುಗದೇ ಇದ್ರೆ ಏನು ಬಂತು?”

“ಕಲ್ಲುದಾರೀಲಿ ನೆಟ್ಟಗೆ ಹೋಗುತ್ತೆ.”

ಆಯಮ್ಮ ಎದ್ದು ಕೂತಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. “ಹಾಗಾದ್ರೆ ನಿಲ್ಸೋದು ಎಲ್ಲಿ?”

ಹುಡುಕಿದ್ದು ಮಗಳು. ಹಿಂದಿನ ಗಾಲಿಗಳ ನಡುವೆ, ಹಲಗೆಯ ಕೆಳಗೆ, ಆ ಕಪ್ಪು ಪಟ್ಟಿ. ಒತ್ತಿ ತಳ್ಳಿದಳು. ಗಾಡಿ ಬೇರು ಬಿಟ್ಟ ಹಾಗೆ ನಿಂತಿತು.

ಇಬ್ಬರೂ ಅದನ್ನೇ ನೋಡಿದರು. ಚಿನಕುರುಳಿ ಅಜ್ಜಿಯ ಚಪ್ಪಲಿ ಹುಡುಕಿ ತಂದು ಮುಂದೆ ಇಟ್ಟಳು. 

ಕೊನೆಗೆ ಆಯಮ್ಮ ಹೇಳಿದಳು. “ಬೇಬಿ ಸಿಟ್ಟಿಂಗಿಗೇ ಬಿಡು.”

ಮಗಳು ಮುಖ ತಿರುಗಿಸಿದಳು.

“ಸಿಟ್ಟಿಂದ ಹೇಳ್ತಿಲ್ಲ. ಅಲ್ಲೇ ಬಿಡು. ನಂಗೆ ಗೊತ್ತಿರೋದು ಆಸ್ಪತ್ರೆ ಗಾಡಿ. ಅದನ್ನ ನಂಬ್ಕೊಂಡು ನಿನ್ನ ಮಗೂನ ಕಳ್ಕೊಳ್ತಿದ್ದೆ.”

“ಮನೇಲಿ ಎರಡು ದಿನದಿಂದ ನಾನೂ ಅದನ್ನೇ ಒತ್ತುತ್ತಿದ್ದೆ” ಎಂದಳು ಮಗಳು. ದನಿ ಸಣ್ಣದಾಗಿತ್ತು. “ಈಗ ನಾನು ನಿನ್ನ ಜಾಗದಲ್ಲಿದ್ರೂ ಅದನ್ನೇ ಒತ್ತಿ ಕೂರ್ತಿದ್ದೆ. ನಮ್ಮನೇಲಿ ಲಾಕ್ ಅಂದ್ರೆ ಇನ್ನೇನು?”

ಅಷ್ಟು ಹೇಳಿ ಅತ್ತಳು. ಅಪ್ಪ ಹೋದಾಗ ಅವಳು ಬಸುರಿ. ಅಳಬಾರದು ಎಂದು ಎಲ್ಲರೂ ಹೇಳಿದ್ದರು. ಈಗ ಅತ್ತಳು. ಗುಂಡ ಅವಳ ಮೂಗು ಹಿಡಿದು ಎಳೆದ.

ಇಳಿಯುವಾಗ ಗಾಡಿ ತಳ್ಳಿದ್ದು ಮಗಳು. ಗುಂಡ ಅವಳ ಕಂಕುಳಲ್ಲಿದ್ದ, ಗಾಡಿ ಖಾಲಿ. ಮುಂದಿನ ಗಾಲಿಗೆ ಲಾಕ್ ಹಾಕಿದ್ದರು. ಅದೇ ಕಲ್ಲುಗಳ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಗಾಡಿ ಸರಿಯಾದದ್ದನ್ನೇ ಆರಿಸಿದ್ದಳು ಆಯಮ್ಮ. ಅದನ್ನು ಇಬ್ಬರೂ ಕಂಡರು.

ಮನೆಯಲ್ಲಿ ಮಗಳು ಬಿಸಿನೀರಲ್ಲಿ ಬಟ್ಟೆ ಅದ್ದಿ ತಾಯಿಯ ಮೊಣಕೈ ಒರೆಸಿದಳು. ಕಲ್ಲಿನ ಚೂರು ತೆಗೆದಳು. ಆಯಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಊರವರ ಗಾಯ ಒರೆಸಿದವಳಿಗೆ ತನ್ನದು ಒರೆಸಿಕೊಂಡು ಅಭ್ಯಾಸವಿಲ್ಲ.

ಆಮೇಲೆ ಮಗಳು ಕೈಚೀಲದಿಂದ ಉಗುರುಬಣ್ಣ ತೆಗೆದಳು. ಕೆಂಪು. ಗಾಡಿಯನ್ನು ಮಗುಚಿ ನೆಲದ ಮೇಲೆ ಕೂತು ಹಿಂದಿನ ಪಟ್ಟಿಗೆ ಬಳಿದಳು. ಒಂದು ಸಲ ಬಳಿದು, ಊದಿ ಒಣಗಿಸಿ, ಇನ್ನೊಂದು ಸಲ ಬಳಿದಳು. ಬಾಟಲಿ ಖಾಲಿಯಾಯಿತು.

“ಇದು ಲಾಕ್” ಎಂದಳು.

“ಹಾಗಾದ್ರೆ ಮುಂದಿನದು?”

“ಅದಕ್ಕೆ ಆ ಹೆಸರು ಬೇಡ. ಅದು ಕಲ್ಲುಗುಬುಟು. ಕಲ್ಲುದಾರಿ ಬಂದಾಗ ಮಾತ್ರ.”

ಆಯಮ್ಮ ಕೆಂಪು ಪಟ್ಟಿಯನ್ನು ನೋಡಿದಳು. ಬೆರಳಿನಿಂದ ಮುಟ್ಟಲು ಹೋಗಿ, ಹಸಿಯಾಗಿದೆ ಎಂದು ಕೈ ಹಿಂದೆ ತೆಗೆದಳು.

“ನನ್ನ ರಜೆ ಇನ್ನೂ ಇದೆ” ಎಂದಳು ಮಗಳು. “ಅಲ್ಲೀವರೆಗೂ ದಿನಾ ನಿನ್ನ ಜೊತೆ ಬರ್ತೀನಿ. ಗಾಡಿ ನೀನೇ ತಳ್ಳು. ನಾನು ನೋಡ್ತೀನಿ. ಆಮೇಲೆ ಹೇಳ್ತೀನಿ.”

“ಏನು ಹೇಳ್ತೀಯ?”

“ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ. ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ.”

“ನಂಗೂ.”

ದಿನಾ ಹೋದರು. ಮಗಳು ಎರಡು ಹೆಜ್ಜೆ ಹಿಂದೆ ಬರುವುದನ್ನು ಬಿಡಲಿಲ್ಲ. ನೋಡಿದಳು, ಸುಮ್ಮನಿದ್ದಳು. ಆಯಮ್ಮ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳು.  ಚಿನಕುರುಳಿಯ ಕೆನ್ನೆಗೆ ಬಣ್ಣ ಬಂತು. ಗೋಡೆಯ ಸುಣ್ಣ ಹಾಗೇ ಉಳಿಯಿತು.

ರಜೆ ಮುಗಿದ ದಿನ ಬೆಳಿಗ್ಗೆ ಆಯಮ್ಮ ಬೇಗ ಎದ್ದು ಬಾಗಿಲು ತೆರೆದು ಕೂತಳು. ಮಗಳು ಮಕ್ಕಳನ್ನು ಕರೆತರಲಿಕ್ಕಿಲ್ಲ ಎಂದುಕೊಂಡಳು. ಪರದೆ ಎಳೆಯಲು ಒಂದು ಸಲ ಎದ್ದಳು. ಮತ್ತೆ ಕೂತಳು.

ಮಗಳು ಬಂದಳು. ಕೆಲಸದ ಬಟ್ಟೆ, ಹೆಗಲಲ್ಲಿ ಕೈಚೀಲ. ಚಿನಕುರುಳಿಯನ್ನು ಒಳಗೆ ತಳ್ಳಿದಳು. ಗುಂಡನನ್ನು ತಾಯಿಯ ತೋಳಿಗೆ ಕೊಟ್ಟಳು. ಕೊಟ್ಟ ಮೇಲೂ ಅವನ ಕಾಲು ಹಿಡಿದುಕೊಂಡೇ ನಿಂತಳು.

“ಬಸ್ ತಪ್ಪುತ್ತೆ, ಹೋಗು” ಎಂದಳು ಆಯಮ್ಮ.

ಮಗಳು ಕಾಲು ಬಿಟ್ಟಳು. ಬೀದಿಯ ತಿರುವಿನವರೆಗೂ ಹಿಂದೆ ನೋಡುತ್ತಲೇ ಹೋದಳು.

ಅವತ್ತು ಗುಡ್ಡ ಹತ್ತಿದ್ದು ಆಯಮ್ಮ ಮತ್ತು ಇಬ್ಬರು ಮಕ್ಕಳು ಮಾತ್ರ. ಕಲ್ಲು ಶುರುವಾಗುವಲ್ಲಿ ಕಲ್ಲುಗುಬುಟು ಒತ್ತಿದಳು. ಮೇಲೆ ಹೋಗಿ ಗಾಡಿಯನ್ನು ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿದಳು. ಕೆಂಪು ಪಟ್ಟಿಯನ್ನು ಕಾಲಿನಿಂದ ಒತ್ತಿದಳು. ಮುಂದಕ್ಕೆ ತಳ್ಳಿದಳು, ಹಿಂದಕ್ಕೆ ಎಳೆದಳು. ಕೈಯ ಪಟ್ಟಿಯನ್ನು ಬಿಚ್ಚಲಿಲ್ಲ.

ಚಿನಕುರುಳಿ ತಾತನ ಕಲ್ಲು ಹತ್ತಿ ಕೂತು ಬಿಸ್ಕತ್ತು ಕಡಿದಳು. ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡೇ ಕೇಳಿದಳು.

“ಅಜ್ಜೀ, ಲಾಕ್ ಹಾಕಿದ್ಯಾ?”

“ಹಾಕಿದೀನಿ.”

“ಇನ್ನೊಂದ್ಸಲ ನೋಡು.”

ಆಯಮ್ಮ ಬಗ್ಗಿ ನೋಡಿದಳು. ಕೆಂಪಗೆ ಕಂಡಿತು. ಕಲ್ಲಿನ ಮೇಲೆ ಜಾಗ ಇತ್ತು. ಅವಳು ಕೂರಲಿಲ್ಲ, ಹಿಡಿಯನ್ನು ಹಿಡಿದುಕೊಂಡೇ ನಿಂತಳು.